ಬೆಳ್ಳಿಯ ಮೇಲಿನ ಹೆಸರು

ಬೆಳ್ಳಿಯ ಪಾತ್ರೆಗಳಿರುವ ಮನೆಗಳಲ್ಲಿ ಹಬ್ಬವು ಪಂಚಾಂಗದಲ್ಲಿ ನಮೂದಾದ ದಿನಕ್ಕಿಂತ ಒಂದೆರಡು ದಿನ ಮೊದಲೇ, ಬೀರುವಿನ ತಳದಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಗಂಟನ್ನು ಬಿಚ್ಚುವುದರೊಂದಿಗೆ ಆರಂಭವಾಗುತ್ತದೆ. ಗಂಟು ಬಿಚ್ಚಿದೊಡನೆ ಮನೆಯ ಹಿರಿಯರ ಮುಖದಲ್ಲಿ ಮೂಡುವುದು ಐಶ್ವರ್ಯವನ್ನು ಕಂಡ ಸಂತೋಷವಲ್ಲ, ಪಂಚಪಾತ್ರೆಯಿಂದ ಹಿಡಿದು ಕುಂಕುಮದ ಬಟ್ಟಲಿನವರೆಗೆ ಎಲ್ಲವೂ ಮತ್ತೊಮ್ಮೆ ಕಪ್ಪಾಗಿವೆಯೆಂಬ ಬೇಸರ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕದ ಅನಿಲಗಳು ಬೆಳ್ಳಿಯ ಮೇಲ್ಮೈಯೊಂದಿಗೆ ಸೇರಿ ಬೆಳ್ಳಿಯ ಸಲ್ಫೈಡ್ ಎಂಬ ಕಪ್ಪು ಪೊರೆಯನ್ನು ಉಂಟುಮಾಡುತ್ತವೆಯೆಂದು ರಸಾಯನಶಾಸ್ತ್ರ ವಿವರಿಸುತ್ತದೆ. ಆದರೆ ವಿಭೂತಿಯನ್ನೋ ಅಂಟುವಾಳದ ನೊರೆಯನ್ನೋ ಹಿಡಿದು ಹಿತ್ತಿಲಲ್ಲಿ ಕುಳಿತವರಿಗೆ ಈ ವಿವರಣೆಯಿಂದ ಸಮಾಧಾನ ದೊರೆಯುವುದಿಲ್ಲ. ಚಿನ್ನಕ್ಕೆ ಈ ತೊಡಕಿಲ್ಲ. ಅದನ್ನು ನೂರು ವರ್ಷ ಹೂತಿಟ್ಟರೂ ಹೊರಬರುವಾಗ ಇಟ್ಟವರನ್ನು ದೂರುವುದಿಲ್ಲ. ಬೆಳ್ಳಿಯಾದರೋ ತನ್ನನ್ನು ಮರೆತ ಪ್ರತಿಯೊಂದು ತಿಂಗಳನ್ನೂ ಮೈಮೇಲೆ ಬರೆದಿಟ್ಟುಕೊಂಡು, ನಂಟರು ಬರುವ ಹೊತ್ತಿಗೆ ಸರಿಯಾಗಿ ಎಲ್ಲರೆದುರು ಒಪ್ಪಿಸುತ್ತದೆ.

ಉಜ್ಜುವ ಕೆಲಸದಲ್ಲಿ ಮತ್ತೊಂದು ತೊಡಕೂ ಇದೆ. ಕಪ್ಪು ಪೊರೆಯೆಂಬುದು ಹೊರಗಿನಿಂದ ಬಂದು ಕುಳಿತ ಕೊಳೆಯಲ್ಲ, ಬೆಳ್ಳಿಯೇ ರೂಪಾಂತರ ಹೊಂದಿದ ಪದರ. ಆದುದರಿಂದ ಅದನ್ನು ತಿಕ್ಕಿ ತೆಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಬೆಳ್ಳಿಯೂ ಜೊತೆಗೆ ಹೋಗುತ್ತದೆ. ಒಂದು ತಲೆಮಾರಿನಲ್ಲಿ ಈ ನಷ್ಟ ಲೆಕ್ಕಕ್ಕೆ ಬಾರದು. ನಾಲ್ಕಾರು ತಲೆಮಾರುಗಳು ಕಳೆಯುವಷ್ಟರಲ್ಲಿ ಉಬ್ಬುಕೆತ್ತನೆಯ ದೇವತೆಗಳ ಮೂಗು ಸವೆದು, ಬಳ್ಳಿಗಳ ಎಲೆಗಳು ಒಂದರೊಳಗೊಂದು ಕರಗಿ, ಕೊರೆದ ಅಕ್ಷರಗಳು ಬೆರಳಿಗೆ ಮಾತ್ರ ತಿಳಿಯುವಷ್ಟು ನುಣುಪಾಗುತ್ತವೆ. ಅರಮನೆಗಳ ಬೆಳ್ಳಿಯನ್ನು ವಸ್ತುಸಂಗ್ರಹಾಲಯದಲ್ಲಿ ನೋಡುವವರಿಗೆ ಇದರಿಂದ ಒಂದು ಸುಲಭವಾದ ಅಳತೆಗೋಲು ಸಿಗುತ್ತದೆ: ರಾಜಲಾಂಛನವು ನಿನ್ನೆ ಕೊರೆದಷ್ಟು ಸ್ಪಷ್ಟವಾಗಿ ಕಾಣುತ್ತಿದ್ದರೆ ಆ ಪಾತ್ರೆಯನ್ನು ಬಹುಶಃ ಹೆಚ್ಚು ಬಳಸಿಲ್ಲ, ಲಾಂಛನ ಮಸುಕಾಗಿದ್ದರೆ ಯಾರೋ ಅದರಲ್ಲಿ ನಿಜವಾಗಿಯೂ ಉಂಡಿದ್ದಾರೆ, ಮತ್ತಾರೋ ಅದನ್ನು ತೊಳೆದಿದ್ದಾರೆ. ವಂಶದ ಹೆಸರನ್ನು ಚಿರಕಾಲ ಉಳಿಸಬೇಕೆಂದು ಮಾಡಿಸಿದ ವಸ್ತುವಿನಲ್ಲಿ ಆ ಹೆಸರು ಉಳಿಯಬೇಕಾದರೆ ವಸ್ತುವನ್ನು ಮುಟ್ಟದಿರುವುದೇ ಲೇಸೆಂಬ ಈ ಸ್ಥಿತಿಯನ್ನು ಮಾಡಿಸಿದ ದೊರೆಗಳು ಮೊದಲೇ ಊಹಿಸಿದ್ದರೋ ಇಲ್ಲವೋ, ಅವರು ಮಾಡಿಸಿದ ಬೆಳ್ಳಿಯಲ್ಲಿ ಹೆಚ್ಚಿನದು ಮಾತ್ರ ಮುಟ್ಟದಿರಲೆಂದೇ ರೂಪಿಸಿದಂತಿದೆ.

ಹೆಸರಿನ ಈ ಆಸೆ ಅರಮನೆಗಳಿಗೆ ಮೀಸಲಾದದ್ದಲ್ಲ. ಕನ್ನಡ ನಾಡಿನ ಮದುವೆಮನೆಗಳಲ್ಲಿ ಮುಯ್ಯಿಯಾಗಿ ಬಂದ ಚೊಂಬು, ತಟ್ಟೆ, ಲೋಟಗಳ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಹೊಡೆಸಿದ ಕೊಟ್ಟವರ ಹೆಸರು, ತಾರೀಖುಗಳನ್ನು ಬಲ್ಲವರಿಗೆ, ಒಂದು ಸಂಸಾರದ ನೆಂಟಸ್ತಿಕೆಯ ಚರಿತ್ರೆಯನ್ನು ಅದರ ಅಡುಗೆಮನೆಯ ಕಪಾಟಿನಲ್ಲಿಯೇ ಓದಬಹುದೆಂಬುದು ಗೊತ್ತಿರುತ್ತದೆ: ಯಾವ ಸೋದರಮಾವ ಉದಾರಿ, ಯಾವ ಷಡ್ಡಕ ತೂಕದಲ್ಲಿ ಹಿಡಿತ ಮಾಡಿದವನು, ಯಾವ ಚೊಂಬು ಇನ್ನೊಂದು ಮದುವೆಯಿಂದ ಇಲ್ಲಿಗೆ ದಾಟಿ ಬಂದದ್ದು ಎಂಬುದೆಲ್ಲ ಅಲ್ಲಿದೆ. ಸಂಸ್ಥಾನಗಳ ಬೆಳ್ಳಿಯೂ ಇದೇ ಬಗೆಯ ಕಪಾಟು. ಅಲ್ಲಿ ಕೊಟ್ಟವರ ಹೆಸರಿನ ಜಾಗದಲ್ಲಿ ಇಟ್ಟುಕೊಂಡವರ ಲಾಂಛನವಿರುತ್ತದೆ, ಲಾಂಛನದಲ್ಲಿ ಸಿಂಹ, ಆನೆ, ಕತ್ತಿ, ಸೂರ್ಯ, ಕೆಳಗೊಂದು ಪಟ್ಟಿ, ಪಟ್ಟಿಯಲ್ಲಿ ಧ್ಯೇಯವಾಕ್ಯ. ಇವೆಲ್ಲ ಪುರಾಣಕಾಲದಿಂದ ಇಳಿದು ಬಂದಂತೆ ತೋರುತ್ತವೆ. ಆದರೆ 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಸಾರಿದ ದರ್ಬಾರಿನ ಸಂದರ್ಭದಲ್ಲಿ ದೇಶೀಯ ರಾಜರಿಗೆ ಒಂದೊಂದು ರೇಷ್ಮೆಯ ಧ್ವಜವನ್ನು ಕೊಡಲಾಯಿತೆಂಬುದನ್ನೂ, ಅವುಗಳ ಮೇಲಿನ ಲಾಂಛನಗಳನ್ನು ಬಂಗಾಳದ ಸಿವಿಲ್ ಸರ್ವೀಸಿಗೆ ಸೇರಿದ ರಾಬರ್ಟ್ ಟೇಲರ್ ಎಂಬ ಅಧಿಕಾರಿ ಐರೋಪ್ಯ ಪದ್ಧತಿಯಂತೆ ರೂಪಿಸಿದನೆಂಬುದನ್ನೂ ನೆನೆದರೆ, ಸೂರ್ಯವಂಶ ಚಂದ್ರವಂಶಗಳ ಹಲವು ಪ್ರಾಚೀನ ಚಿಹ್ನೆಗಳು ಒಬ್ಬ ಸರ್ಕಾರಿ ನೌಕರನ ಮೇಜಿನ ಮೇಲೆ ಈಗಿನ ರೂಪವನ್ನು ಪಡೆದವೆಂಬುದು ತಿಳಿಯುತ್ತದೆ. ಧ್ವಜಗಳು ಹೊರಲಾರದಷ್ಟು ಭಾರವಾಗಿದ್ದವು. ಲಾಂಛನಗಳಾದರೋ ಹಗುರವಾಗಿ ಹಾರಿ ಬಂದು ಚಮಚಗಳ ಹಿಡಿಯ ಮೇಲೂ ಸೂಪಿನ ಬಟ್ಟಲುಗಳ ಮುಚ್ಚಳದ ಮೇಲೂ ಕುಳಿತವು.

ಲಾಂಛನಕ್ಕೆ ಇಷ್ಟೊಂದು ಆತುರ ಏಕೆ ಬಂತೆಂಬ ಪ್ರಶ್ನೆ ಸಹಜವಾಗಿಯೇ ಮಕ್ಕಳ ಪ್ರಶ್ನೆಗೆ, ಅಂದರೆ ಗಂಡುಮಕ್ಕಳಿಲ್ಲದಿರುವ ಪ್ರಶ್ನೆಗೆ ಕರೆದೊಯ್ಯುತ್ತದೆ. ಲಾರ್ಡ್ ಡಾಲ್‌ಹೌಸಿಯು ಗವರ್ನರ್ ಜನರಲ್ ಆಗಿದ್ದಾಗ, ಔರಸಪುತ್ರನಿಲ್ಲದೆ ದೊರೆ ತೀರಿಕೊಂಡರೆ ದತ್ತುಮಗನಿಗೆ ರಾಜ್ಯ ಸಲ್ಲದು, ಅದು ಕಂಪನಿಗೆ ಸೇರಬೇಕೆಂಬ ನೀತಿಯನ್ನು ಬಿಗಿಯಾಗಿ ಜಾರಿಗೆ ತಂದು, 1848ರಲ್ಲಿ ಸಾತಾರಾವನ್ನೂ, ಆಮೇಲೆ ಝಾನ್ಸಿ, ನಾಗಪುರಗಳನ್ನೂ ವಶಪಡಿಸಿಕೊಂಡನು. ನಾಗಪುರದ ಭೋಂಸಲೆ ಅರಮನೆಯ ಆಭರಣಗಳೂ ಪೀಠೋಪಕರಣಗಳೂ ಆನೆ ಕುದುರೆಗಳೂ ಹರಾಜಿಗೆ ಬಂದದ್ದು ಉಳಿದ ಸಂಸ್ಥಾನಗಳು ಮರೆಯಲಾಗದ ಪಾಠವಾಯಿತು. ಮಗನಿಲ್ಲದ ಮನೆಯ ಬೆಳ್ಳಿಗೆ ಬೆಲೆ ಕಟ್ಟುವವನು ಹೊರಗಿನಿಂದ ಬರುತ್ತಾನೆಂಬುದನ್ನು ಎಲ್ಲರೂ ಕಂಡರು. 1857ರ ದಂಗೆಯ ನಂತರ ಈ ನೀತಿಯನ್ನು ಕೈಬಿಟ್ಟು, 1862ರಲ್ಲಿ ಲಾರ್ಡ್ ಕ್ಯಾನಿಂಗ್ ರಾಜರಿಗೆ ದತ್ತು ಸನದುಗಳನ್ನು, ಎಂದರೆ ದತ್ತು ಸ್ವೀಕಾರವನ್ನು ಮಾನ್ಯಮಾಡುವ ಅಧಿಕೃತ ಪತ್ರಗಳನ್ನು ಕೊಡಿಸಿದ ಮೇಲೆ ಅರಮನೆಗಳು ಉಸಿರಾಡಿದವು. ಆ ಉಸಿರಿನ ಮುಂದಿನ ಅರ್ಧ ಶತಮಾನದಲ್ಲಿಯೇ ಲಂಡನ್, ಪ್ಯಾರಿಸ್, ಮದರಾಸುಗಳ ಬೆಳ್ಳಿಯಂಗಡಿಗಳಿಗೆ ಹಿಂದೆಂದೂ ಕಾಣದ ಬೇಡಿಕೆಗಳು ಬಂದವು. ಎರಡಕ್ಕೂ ಕಾರಣಕಾರ್ಯ ಸಂಬಂಧವನ್ನು ಕಟ್ಟಿ ಸಾಧಿಸುವುದು ಪ್ರಬಂಧಕ್ಕೆ ಮೀರಿದ ಕೆಲಸ. ರಕ್ತದ ನಂಟು ಎಲ್ಲಿ ಕಡಿದಿತ್ತೋ ಅಲ್ಲಿಯೇ ಲೋಹದ ಮೇಲಿನ ಹೆಸರು ಹೆಚ್ಚು ಆಳವಾಗಿ ಕೊರೆಯಲ್ಪಟ್ಟಿತೆಂಬುದನ್ನು ಗಮನಿಸುತ್ತ ಸಾಗುವುದಕ್ಕೆ ಮಾತ್ರ ಯಾರ ಸನದೂ ಬೇಕಾಗಿಲ್ಲ.

ಜೈಪುರದ ಕತೆ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಸವಾಯಿ ರಾಮಸಿಂಹನಿಗೆ ಪಟ್ಟಕ್ಕೆ ಬರುವ ಮಗನಿರಲಿಲ್ಲ. 1880ರಲ್ಲಿ ಅವನು ತೀರಿಕೊಳ್ಳುವ ಮುನ್ನ ಆರಿಸಿದ್ದು ಈಸರದಾ ಎಂಬ ಠಿಕಾಣೆಯ, ಅಂದರೆ ಸಾಮಂತ ಜಹಗೀರಿನ ಕಾಯಂಸಿಂಹನೆಂಬ ತರುಣನನ್ನು. ಮನೆಯಿಂದ ದೂರವಾಗಿ ಟೋಂಕ್ ಸಂಸ್ಥಾನದಲ್ಲಿ ಸಾಧಾರಣ ಸ್ಥಿತಿಯಲ್ಲಿದ್ದ ಆ ಯುವಕ ಎರಡನೆಯ ಸವಾಯಿ ಮಾಧೋಸಿಂಹನಾಗಿ ಸಿಂಹಾಸನವನ್ನೇರಿ, ಧರ್ಮನಿಷ್ಠೆಯಲ್ಲಿ ಹುಟ್ಟುರಾಜರನ್ನೂ ಮೀರಿಸಿದನು. ಪ್ರತಿದಿನವೂ ಅವನಿಗೆ ಗಂಗೆಯ ನೀರೇ ಬೇಕು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೋಗಬೇಕಾದಾಗ ಸಮುದ್ರ ದಾಟಿದರೆ ಕುಲಕ್ಕೆ ಕುಂದು, ದಾಟದಿದ್ದರೆ ಚಕ್ರವರ್ತಿಗೆ ಅವಮಾನ ಎಂಬ ಇಕ್ಕಟ್ಟು ಎದುರಾಯಿತು. ಒಲಿಂಪಿಯಾ ಎಂಬ ಹೊಸ ಹಡಗನ್ನು ಇಡಿಯಾಗಿ ಗೊತ್ತುಮಾಡಿ, ಅದನ್ನು ಶುದ್ಧಿಗೊಳಿಸಿ, ಗೋಪಾಲಜಿಯ ವಿಗ್ರಹವನ್ನು ಮುಂದಿಟ್ಟುಕೊಂಡು, ಆಳೆತ್ತರದ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲವನ್ನು ತುಂಬಿಸಿಕೊಂಡು ಹೊರಡುವುದರ ಮೂಲಕ ಆ ಇಕ್ಕಟ್ಟನ್ನು ಬಿಡಿಸಲಾಯಿತು.

ಗಂಗಾಜಲಿಗಳೆಂದು ಕರೆಯಲಾಗುವ ಈ ಹಂಡೆಗಳು ಐದು ಅಡಿಗೂ ಮಿಕ್ಕ ಎತ್ತರವಿದ್ದು, ಒಂದೊಂದೂ ಸಾವಿರಾರು ಲೀಟರ್ ನೀರನ್ನು ಹಿಡಿಯುತ್ತವೆ. ಬೆಳ್ಳಿಯ ಅತಿ ದೊಡ್ಡ ವಸ್ತುಗಳೆಂದು ಗಿನ್ನೆಸ್ ದಾಖಲೆಯ ಮನ್ನಣೆ ಪಡೆದ ಇವು ಈಗ ಜೈಪುರದ ನಗರ ಅರಮನೆಯ ಸರ್ವತೋಭದ್ರ ಮಂಟಪದಲ್ಲಿ ನಿಂತಿವೆ. ಸಂಸ್ಥಾನದ ಬೆಳ್ಳಿ ನಾಣ್ಯಗಳನ್ನು ರಾಶಿರಾಶಿಯಾಗಿ ಕರಗಿಸಿ, ತಗಡು ಬಡಿದು, ಬೆಸುಗೆಯೇ ಇಲ್ಲದಂತೆ ಅವುಗಳನ್ನು ರೂಪಿಸಿದ ಅಕ್ಕಸಾಲಿಗರ ಹೆಸರು ಗೋವಿಂದರಾಮ, ಮಾಧವ ಎಂದು ಉಳಿದು ಬಂದಿರುವುದು ವಿಶೇಷ, ಏಕೆಂದರೆ ಇಂಥ ಕೆಲಸಗಳಲ್ಲಿ ಮಾಡಿಸಿದವನ ಹೆಸರು ಉಳಿಯುವುದೇ ವಾಡಿಕೆ. ಎಡ್ವರ್ಡನ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯಿಂದಾಗಿ ಜೂನ್ 26ಕ್ಕೆ ಗೊತ್ತಾಗಿದ್ದ ಪಟ್ಟಾಭಿಷೇಕ ಆಗಸ್ಟ್ 9ಕ್ಕೆ ಮುಂದೂಡಲ್ಪಟ್ಟಿತು; ಚಕ್ರವರ್ತಿಯ ಹೊಟ್ಟೆನೋವಿನಿಂದ ಉಳಿದ ಅತಿಥಿಗಳ ಹೋಟೆಲಿನ ಲೆಕ್ಕ ಏರುಪೇರಾಗಿರಬಹುದು, ಜೈಪುರದ ಬಿಡಾರದಲ್ಲಿ ಮಾತ್ರ ಗಂಗೆಯ ಮಟ್ಟವನ್ನು ನೋಡಿಕೊಂಡು ದಿನಗಳನ್ನು ಎಣಿಸಬೇಕಾಗಿದ್ದಿತು. ಇಷ್ಟೆಲ್ಲ ಶುದ್ಧಿಯನ್ನು ಕಾಪಾಡಿಕೊಂಡ ಮಾಧೋಸಿಂಹನ ಅಂತಃಪುರದಲ್ಲಿ ಮಕ್ಕಳಿಗೆ ಬರವಿರಲಿಲ್ಲ, ಪಟ್ಟಕ್ಕೆ ಅರ್ಹನೆನಿಸುವ ಮಗನೊಬ್ಬ ಮಾತ್ರ ಇರಲಿಲ್ಲ. 1921ರಲ್ಲಿ ಅವನೂ ತಾನು ಬಂದ ಈಸರದಾದ ಮನೆಯಿಂದಲೇ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡನು, ಆ ಹುಡುಗನೇ ಮುಂದೆ ಎರಡನೆಯ ಮಾನಸಿಂಹನಾದದ್ದು.

ಬರೋಡದಲ್ಲಿ ಬೆಳ್ಳಿಯು ಪಾತ್ರೆಯ ರೂಪವನ್ನು ತಾಳುವುದಕ್ಕೆ ಮೊದಲು ಫಿರಂಗಿಯ ರೂಪವನ್ನು ತಾಳಿತ್ತು. ಖಂಡೇರಾವ್ ಗಾಯಕವಾಡನು ಬೆಳ್ಳಿಯ ಫಿರಂಗಿಗಳನ್ನು ಮಾಡಿಸಿದನು. 1870ರಲ್ಲಿ ಅವನ ನಂತರ ಬಂದ ತಮ್ಮ ಮಲ್ಹಾರರಾವ್, ಅಣ್ಣನಿಗಿಂತ ತಾನೇನೂ ಕಡಿಮೆಯಲ್ಲವೆಂದು, ಚಿನ್ನದ ಫಿರಂಗಿಗಳನ್ನೇ ಮಾಡಿಸಿದನು. ಶತ್ರುವಿನ ಮೇಲೆ ಸಿಡಿಯದ ಈ ಆಯುಧಗಳು ನಿಜವಾಗಿ ಗುರಿಯಿಟ್ಟದ್ದು ಒಡಹುಟ್ಟಿದವನ ಕೀರ್ತಿಯ ಮೇಲೆ. ಖಂಡೇರಾಯನು ಸತ್ತಾಗ ಅವನ ರಾಣಿ ಜಮನಾಬಾಯಿ ಗರ್ಭಿಣಿಯಾಗಿದ್ದಳು. ಗಂಡು ಹುಟ್ಟಿದ್ದರೆ ಮಲ್ಹಾರರಾಯನ ಪಟ್ಟ ಅಲ್ಲಿಗೇ ಮುಗಿಯುತ್ತಿತ್ತು, ಹುಟ್ಟಿದ್ದು ಹೆಣ್ಣಾದುದರಿಂದ ಅದು ಇನ್ನೂ ನಾಲ್ಕು ವರ್ಷ ನಡೆಯಿತು. ಬ್ರಿಟಿಷ್ ರೆಸಿಡೆಂಟ್ ಕರ್ನಲ್ ಫೇರ್‌ನಿಗೆ ವಿಷವಿಕ್ಕಿಸಲು ಯತ್ನಿಸಿದನೆಂಬ ಆರೋಪದ ವಿಚಾರಣೆ ನಡೆದು, 1875ರಲ್ಲಿ ಮಲ್ಹಾರರಾಯನು ಪದಚ್ಯುತನಾದ ಮೇಲೆ, ಜಮನಾಬಾಯಿಗೆ ದತ್ತು ಸ್ವೀಕಾರದ ಅನುಮತಿ ದೊರೆತು, ನಾಸಿಕದ ಕಡೆಯ ಕವಳಾಣೆ ಎಂಬ ಹಳ್ಳಿಯಿಂದ ಗೋಪಾಲರಾವ್ ಎಂಬ ಹನ್ನೆರಡು ವರ್ಷದ ಹುಡುಗನನ್ನು ಕರೆತರಲಾಯಿತು. ಏಕೆ ಬಂದೆಯೆಂದು ಕೇಳಿದಾಗ ಆಳುವುದಕ್ಕೆ ಬಂದೆನೆಂದು ಆ ಹುಡುಗ ಉತ್ತರಿಸಿದನೆಂಬ ಕತೆ ಪ್ರಸಿದ್ಧವಾಗಿದೆ. ಅವನೇ ಮೂರನೆಯ ಸಯಾಜಿರಾವ್.

ಹುಡುಗನು ಗಾದಿಗೆ ಬಂದು ಕೆಲವೇ ತಿಂಗಳುಗಳಾಗಿದ್ದವು. ಆ ವರ್ಷದ ನವೆಂಬರಿನಲ್ಲಿ, ಮುಂದೆ ಏಳನೆಯ ಎಡ್ವರ್ಡನಾಗಲಿದ್ದ ವೇಲ್ಸ್ ರಾಜಕುಮಾರನು ಬರೋಡಕ್ಕೆ ಬಂದನು. ಹೊಸ ಗಾಯಕವಾಡನ ಕಡೆಯಿಂದ ರಾಜಕುಮಾರನಿಗೆ ಸಂದ ಕಾಣಿಕೆಗಳಲ್ಲಿ ಮದರಾಸಿನ ಪಿ. ಆರ್ ಅಂಡ್ ಸನ್ಸ್ ಎಂಬ ಅಂಗಡಿಯಲ್ಲಿ ಮಾಡಿಸಿದ ಚಹದ ಪಾತ್ರೆಗಳ ಒಂದು ಜೋಡಣೆಯೂ ಇದ್ದು, ಅದು ಬ್ರಿಟನ್ನಿನ ರಾಜಸಂಗ್ರಹಕ್ಕೆ ಸೇರಿದೆ. ಪದಚ್ಯುತ ಮಲ್ಹಾರರಾಯನನ್ನು ಗಡೀಪಾರು ಮಾಡಿ ಕಳುಹಿಸಿದ್ದೂ ಅದೇ ಮದರಾಸಿಗೆ; ಅವನು ಅಲ್ಲಿಯೇ 1882ರಲ್ಲಿ ತೀರಿಕೊಂಡನು. ಹೀಗೆ ಒಂದೇ ಮನೆತನವು ಒಂದೇ ಕಾಲದಲ್ಲಿ ಒಂದೇ ಊರಿನಿಂದ ಬೆಳ್ಳಿಯನ್ನು ತರಿಸಿಕೊಂಡು ಚಿಕ್ಕಪ್ಪನನ್ನು ಅಲ್ಲಿ ಬಿಟ್ಟುಕೊಟ್ಟದ್ದು ಯಾವ ಯೋಜನೆಯ ಫಲವೂ ಅಲ್ಲದಿದ್ದರೂ, ಬರೋಡದ ಅಂದಿನ ಜಮಾಖರ್ಚನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಬರೆಯುವುದು ಯಾವ ಕರಣಿಕನಿಗೂ ಕಷ್ಟವೇ ಸರಿ.

ಮದರಾಸಿನ ಈ ಶೈಲಿಗೆ ಸ್ವಾಮಿ ಕೆಲಸವೆಂಬ ಹೆಸರಿತ್ತು, ಏಕೆಂದರೆ ಪಾತ್ರೆಯ ಮೈತುಂಬ ಸ್ವಾಮಿಗಳೇ, ಅಂದರೆ ದೇವರುಗಳೇ ತುಂಬಿರುತ್ತಿದ್ದರು. ಉಬ್ಬುಕೆತ್ತನೆಯ ಈ ವಿಧಾನದಲ್ಲಿ ಬೆಳ್ಳಿಯ ತಗಡನ್ನು ಅರಗಿನಂಥ ಮೆತುವಾದ ಪದಾರ್ಥದ ಮೇಲೆ ಇರಿಸಿ, ಹಿಂಬದಿಯಿಂದ ಬಡಿದು ಆಕೃತಿಗಳನ್ನು ಉಬ್ಬಿಸಿ, ಆಮೇಲೆ ಮುಂಬದಿಯಿಂದ ಸಣ್ಣ ಉಳಿಗಳಿಂದ ಕಣ್ಣು, ಕಿರೀಟ, ಸೀರೆಯ ನೆರಿಗೆಗಳನ್ನು ತಿದ್ದುತ್ತಾರೆ. ದೇವಸ್ಥಾನದ ಪ್ರಭಾವಳಿಗಳಿಗೂ ಕವಚಗಳಿಗೂ ಇದೇ ಕೈಗಾರಿಕೆ ಒದಗುತ್ತಿತ್ತು. ವ್ಯತ್ಯಾಸವೆಂದರೆ ಗುಡಿಯಲ್ಲಿ ಗರ್ಭಗುಡಿಯ ಹೊಸ್ತಿಲಾಚೆ ನಿಂತು ನೋಡಬೇಕಾದ ದೇವರು ಇಲ್ಲಿ ಚಹದ ಕೆಟಲಿನ ಹೊಟ್ಟೆಯ ಮೇಲೆ ನರ್ತಿಸುತ್ತಾನೆ, ಹಾವು ಹಿಡಿಯಾಗಿ ಬಾಗುತ್ತದೆ, ದೇವಿಯರು ಸಕ್ಕರೆಯ ಬಟ್ಟಲನ್ನು ಕಾಯುತ್ತಾರೆ. ಬಿಸಿ ಚಹ ತುಂಬಿದಾಗ ಸ್ವಾಮಿಗೆ ಅಭಿಷೇಕವಾಯಿತೆನ್ನಬೇಕೋ ಅಪಚಾರವಾಯಿತೆನ್ನಬೇಕೋ ಎಂಬುದನ್ನು ಆಗಮಶಾಸ್ತ್ರಗಳು ವಿಚಾರಿಸಿದಂತಿಲ್ಲ. ತಳದಲ್ಲಿ ಒತ್ತಿದ ಮುದ್ರೆಯಲ್ಲಿ ಅಂಗಡಿಯ ಹೆಸರಿದೆ, ಕೆತ್ತಿದವರ ಹೆಸರಿಲ್ಲ. ಇಂಗ್ಲೆಂಡಿನಲ್ಲಿ ಬೆಳ್ಳಿಯ ಶುದ್ಧತೆ, ಪರೀಕ್ಷಿಸಿದ ಊರು, ವರ್ಷ, ಮಾಡಿದವನ ಗುರುತು ಇವೆಲ್ಲವನ್ನೂ ಸಣ್ಣ ಸಣ್ಣ ಮುದ್ರೆಗಳಲ್ಲಿ ಒತ್ತುವ ಹಾಲ್‌ಮಾರ್ಕ್ ಪದ್ಧತಿ ಶತಮಾನಗಳಿಂದ ಇದ್ದುದರಿಂದ, ಅಲ್ಲಿನ ಒಂದು ಚಮಚವು ತನ್ನ ಜನ್ಮಪತ್ರಿಕೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ತಿರುಗುತ್ತದೆ. ಭಾರತದ ಬೆಳ್ಳಿಯಲ್ಲಿ ಭುಜ್ ನಗರದ ಊಮರ್ಸಿ ಮಾವಜಿಯಂತೆ ತನ್ನ ಹೆಸರಿನ ಮೊದಲಕ್ಷರಗಳನ್ನೂ ಊರನ್ನೂ ಒತ್ತಿದ ಅಕ್ಕಸಾಲಿಗರು ವಿರಳ. ಆದುದರಿಂದ ಇಲ್ಲಿನ ಪಾತ್ರೆಗಳ ಹುಟ್ಟಿನ ಕತೆಯನ್ನು ಮನೆಯ ಹಿರಿಯರ ಬಾಯಿಂದಲೇ ಕೇಳಬೇಕು, ಹಿರಿಯರು ಹೇಳುವಾಗ ಪ್ರತಿ ಸಲವೂ ತೂಕ ಸ್ವಲ್ಪ ಹೆಚ್ಚುತ್ತದೆ.

ದರ್ಬಾರಿನ ಬೆಳ್ಳಿಯಲ್ಲಿ ಬಳಕೆಯೇ ಇಲ್ಲದ ವಸ್ತುಗಳಿಗೂ ಒಂದೊಂದು ಕರ್ತವ್ಯವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅತ್ತರುದಾನಿ, ಪನ್ನೀರುದಾನಿ, ತಾಂಬೂಲದ ಪೆಟ್ಟಿಗೆಗಳು ಮುಂದೆ ಬಂದರೆ ಸಭೆ ಮುಗಿಯಿತು, ಇನ್ನು ಏಳಬಹುದು ಎಂದು ಅರ್ಥ. ಯಾರಿಗೆ ದೊರೆಯೇ ಕೈಯಾರೆ ಅತ್ತರು ಕೊಡಬೇಕು, ಯಾರಿಗೆ ಅಧಿಕಾರಿಯೊಬ್ಬ ಕೊಟ್ಟರೆ ಸಾಕು ಎಂಬ ಕ್ರಮದಲ್ಲಿ ತಪ್ಪಿದರೆ ಅದು ಪತ್ರವ್ಯವಹಾರದವರೆಗೆ ಬೆಳೆಯುತ್ತಿತ್ತು. ಊರು ಊರುಗಳ ಪುರಸಭೆಗಳೂ ಸಂಘಗಳೂ ದೊರೆಗೋ ವೈಸರಾಯನಿಗೋ ಬಿನ್ನವತ್ತಳೆ ಒಪ್ಪಿಸುವಾಗ, ಆ ಮಾನಪತ್ರವನ್ನು ಇರಿಸಿ ಕೊಡುವ ಬೆಳ್ಳಿಯ ಕರಂಡಕಗಳದ್ದು ಇನ್ನೂ ವಿಚಿತ್ರವಾದ ಬಾಳು. ಒಳಗಿನ ಕಾಗದದಲ್ಲಿ ಕೆರೆಯ ದುರಸ್ತಿ, ರೈಲು ಮಾರ್ಗ ಮುಂತಾದ ಬೇಡಿಕೆಗಳು ಹೊಗಳಿಕೆಯ ಮಧ್ಯೆ ನಯವಾಗಿ ಸೇರಿರುತ್ತಿದ್ದವು. ಕರಂಡಕವನ್ನು ಗಾಜಿನ ಕಪಾಟಿಗೆ ಸೇರಿಸಲಾಗುತ್ತಿತ್ತು, ಕಾಗದ ಎಲ್ಲಿ ಸೇರುತ್ತಿತ್ತೆಂಬುದನ್ನು ಆಯಾ ಕೆರೆಗಳ ಸ್ಥಿತಿಯಿಂದ ಊಹಿಸಿಕೊಳ್ಳಬಹುದು.

ಬೆಳ್ಳಿಗೆ ಕಪ್ಪಾಗುವುದಕ್ಕಿಂತ ದೊಡ್ಡ ಗಂಡಾಂತರವೊಂದಿದೆ, ಅದು ಕರಗುವುದು. ನಾಣ್ಯ ಪಾತ್ರೆಯಾಗಬಲ್ಲುದಾದರೆ ಪಾತ್ರೆಯೂ ನಾಣ್ಯವಾಗಬಲ್ಲುದು, ಅದಕ್ಕೆ ಬೇಕಾದದ್ದು ಒಂದು ಯುದ್ಧ ಮಾತ್ರ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ವರ್ಸೇಲ್ಸ್ ಅರಮನೆಯ ಕನ್ನಡಿಗಳ ಮೊಗಸಾಲೆಯನ್ನು ಬೆಳ್ಳಿಯ ಮೇಜು, ಪೀಠ, ದೀಪಸ್ತಂಭ, ಕಿತ್ತಳೆ ಗಿಡದ ಕುಂಡಗಳಿಂದ ತುಂಬಿಸಿ ಯುರೋಪಿನ ರಾಜದೂತರ ಕಣ್ಣು ಕೋರೈಸಿದ್ದನು. 1689ರಲ್ಲಿ ಯುದ್ಧದ ಖರ್ಚಿಗಾಗಿ ಅವೆಲ್ಲವನ್ನೂ, ಸುಮಾರು 20 ಟನ್ನುಗಳಷ್ಟು ಬೆಳ್ಳಿಯನ್ನು, ಟಂಕಸಾಲೆಗೆ ಕಳುಹಿಸಿ ಕರಗಿಸಿದನು. ಕುಸುರಿಗೆ ತೆತ್ತ ಕೂಲಿ ಮೂಸೆಯಲ್ಲಿ ಮರಳಿ ಬರುವುದಿಲ್ಲವೆಂಬ, ಕನ್ನಡದ ಯಾವ ಗೃಹಿಣಿಗೂ ಗಿರವಿ ಅಂಗಡಿಯ ಮೆಟ್ಟಿಲಿಳಿಯುವಾಗ ತಿಳಿದಿರುವ ಸತ್ಯ, ಸೂರ್ಯನೆಂದು ಕರೆಸಿಕೊಂಡ ಆ ದೊರೆಗೂ ಆಗ ತಿಳಿಯಿತು: ಮಾಡಿಸಿದಾಗ ಆದ ವೆಚ್ಚದ ಒಂದು ಪಾಲು ಮಾತ್ರ ಕೈಗೆ ಬಂತು. ಇಂದು ಉಳಿದಿರುವ ರಾಜಬೆಳ್ಳಿಯೆಲ್ಲವೂ ಇಂಥ ಸಂದರ್ಭಗಳಿಂದ ತಪ್ಪಿಸಿಕೊಂಡು ಬಂದದ್ದು. ಅದು ತಪ್ಪಿಸಿಕೊಂಡದ್ದು ಕೆಲವೊಮ್ಮೆ ದೊರೆಯ ಕಲಾಪ್ರೇಮದಿಂದ, ಹಲವೊಮ್ಮೆ ಸಾಲ ಕೊಡುವವರು ಇನ್ನೂ ಸಿಗುತ್ತಿದ್ದುದರಿಂದ.

ಕರಗಿಸಲು ಮನಸ್ಸು ಬಾರದಷ್ಟು ವಿಚಿತ್ರವಾಗಿ ಮಾಡಿಸುವುದೂ ಒಂದು ರಕ್ಷಣೆಯ ಉಪಾಯವೆಂದು ತೋರುತ್ತದೆ. ಬಹಾವಲಪುರದ ನವಾಬ ನಾಲ್ಕನೆಯ ಸಾದಿಕ್ ಮಹಮ್ಮದ್ ಖಾನನು 1882ರಲ್ಲಿ ಪ್ಯಾರಿಸಿನ ಕ್ರಿಸ್ಟೋಫ್ಲ್ ಕಾರ್ಖಾನೆಯಿಂದ ಮಾಡಿಸಿದ ಮಂಚಕ್ಕೆ ಸುಮಾರು 290 ಕಿಲೋ ಬೆಳ್ಳಿ ಹಿಡಿಯಿತು. ನಾಲ್ಕು ಮೂಲೆಗಳಲ್ಲಿ ನಾಲ್ಕು ಐರೋಪ್ಯ ದೇಶಗಳ ಸ್ತ್ರೀಯರ ಆಳೆತ್ತರದ ಪ್ರತಿಮೆಗಳು ನಿಂತು, ಮಲಗಿದವನಿಗೆ ಯಂತ್ರದ ಬಲದಿಂದ ಬೀಸಣಿಗೆ ಬೀಸುತ್ತ, ಕಣ್ಣು ಹೊರಳಿಸುತ್ತ ಇರುತ್ತಿದ್ದವು, ಒಳಗೆ ಅಡಗಿಸಿದ ಪೆಟ್ಟಿಗೆಯಿಂದ ಫ್ರೆಂಚ್ ಸಂಗೀತರಚನಕಾರ ಗೂನೋನ ಸಂಗೀತ ಹೊಮ್ಮುತ್ತಿತ್ತು. ಇಷ್ಟು ಜನರ ಕಣ್ಗಾವಲಿನಲ್ಲಿ ನಿದ್ರೆ ಬರುವುದು ರಾಜರಿಗೆ ಮಾತ್ರ ಸಾಧ್ಯವಿರಬೇಕು. ಗ್ವಾಲಿಯರಿನ ಜಯವಿಲಾಸ ಅರಮನೆಯಲ್ಲಿ ಊಟದ ಮೇಜಿನ ಮೇಲೆ ಹಳಿಗಳನ್ನು ಹಾಸಿ ಓಡಿಸುವ ಬೆಳ್ಳಿಯ ರೈಲೊಂದಿದೆ. ಡಬ್ಬಿಗಳ ಮೇಲೆ ಸಿಂಧಿಯಾ ಎಂಬ ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರ, ಒಳಗೆ ಮದ್ಯದ ಗಾಜಿನ ಪಾತ್ರೆಗಳು ಮತ್ತು ಚುಟ್ಟಗಳು, ಅತಿಥಿಯು ಪಾತ್ರೆಯನ್ನು ಎತ್ತಿಕೊಂಡರೆ ರೈಲು ನಿಲ್ಲುತ್ತದೆ, ಮರಳಿ ಇರಿಸಿದರೆ ಮುಂದಿನ ಅತಿಥಿಯ ಕಡೆಗೆ ಹೊರಡುತ್ತದೆ. ಆ ಅರಮನೆಯನ್ನು 1874ರಲ್ಲಿ ಕಟ್ಟಿಸಿದ ಜಯಾಜಿರಾವ್ ಸಿಂಧಿಯಾ ಕೂಡ ಬಾಲ್ಯದಲ್ಲಿ ದತ್ತುವಾಗಿ ಬಂದವನೇ. ಅವನ ಮಗ ಮಾಧವರಾಯನು ತನ್ನ ಮಕ್ಕಳಿಗೆ ಬ್ರಿಟಿಷ್ ರಾಜದಂಪತಿಗಳ ನೆನಪಿಗಾಗಿ ಜಾರ್ಜ್ ಎಂದೂ ಮೇರಿ ಎಂದೂ ಹೆಸರಿಟ್ಟನು. ಹೆಸರು ಕೊರೆಯುವ ಹವ್ಯಾಸವು ಬೆಳ್ಳಿಯಿಂದ ಮಕ್ಕಳಿಗೆ ಹಬ್ಬಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಇವೆಲ್ಲಕ್ಕೂ ಹೋಲಿಸಿದರೆ ಪಟಿಯಾಲದ ಭೂಪಿಂದರ್ ಸಿಂಹನ ಭೋಜನದ ಪಾತ್ರೆಗಳು ನಿಜವಾಗಿಯೂ ಊಟಕ್ಕಾಗಿ ಮಾಡಿದವು. 1922ರಲ್ಲಿ ವೇಲ್ಸ್ ರಾಜಕುಮಾರನ, ಎಂದರೆ ಮುಂದೆ ಎಂಟನೆಯ ಎಡ್ವರ್ಡನಾಗಿ ವರ್ಷ ತುಂಬುವ ಮೊದಲೇ ಪಟ್ಟ ತೊರೆದವನ, ಭೇಟಿಗಾಗಿ ಲಂಡನ್ನಿನಿಂದ ತರಿಸಿದ ಸುಮಾರು 1,400 ಬಿಡಿಗಳ, ಅರ್ಧ ಟನ್ನಿನಷ್ಟು ತೂಗುವ, ಚಿನ್ನದ ಲೇಪವುಳ್ಳ ಆ ಬೆಳ್ಳಿಯಲ್ಲಿ ಒಂದೊಂದು ಖಾದ್ಯಕ್ಕೂ ಬೇರೆ ಬೇರೆ ಚಮಚ, ಕತ್ತರಿ, ಚಿಮಟಗಳಿದ್ದವು. ಚಿನ್ನದ ಲೇಪಕ್ಕೆ ವೈಭವವಲ್ಲದೆ ಬೇರೆ ಕಾರಣವೂ ಉಂಟು: ಮೊಟ್ಟೆಯಲ್ಲಿರುವ ಗಂಧಕ ಬೆಳ್ಳಿಯನ್ನು ಕ್ಷಣದಲ್ಲಿ ಕಪ್ಪು ಮಾಡುತ್ತದೆ, ಉಪ್ಪು ಅದನ್ನು ಕೊರೆಯುತ್ತದೆ, ಆದುದರಿಂದ ಮೊಟ್ಟೆಯ ಚಮಚ, ಉಪ್ಪಿನ ಬಟ್ಟಲುಗಳ ಒಳಮೈಗೆ ಚಿನ್ನ ಬಳಿಯುವುದು ಯುರೋಪಿನ ಹಳೆಯ ರೂಢಿ. ಉಪ್ಪಿನ ಋಣವೇ ಮಾನಮರ್ಯಾದೆಯ ತಳಹದಿಯಾಗಿರುವ ನಾಡಿನಲ್ಲಿ ಉಪ್ಪನ್ನು ಮುಟ್ಟಿದರೆ ಹಾಳಾಗುವ ಲೋಹಕ್ಕೆ ರಾಜಮರ್ಯಾದೆ ಸಂದದ್ದು ಯೋಚಿಸತಕ್ಕ ವಿಷಯ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯು ರಾಜಧನವನ್ನೂ ಬಿರುದುಗಳನ್ನೂ ಕೊನೆಗೊಳಿಸಿದ ನಂತರ ಬೆಳ್ಳಿಯು ಒಂದೊಂದು ಮನೆಯಿಂದ ಒಂದೊಂದು ಬಾಗಿಲಲ್ಲಿ ಹೊರಬಿತ್ತು. ಪಟಿಯಾಲದ ಭೋಜನಪಾತ್ರೆಗಳು 2013ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜುಮನೆಯಲ್ಲಿ ಸುಮಾರು 20 ಲಕ್ಷ ಪೌಂಡುಗಳಿಗೆ ಮಾರಾಟವಾದವು. ನಾಗಪುರದ ಹರಾಜಿಗೆ ಹೆದರಿ ಲಾಂಛನ ಕೊರೆಸಿದ ಕಾಲ ಹೋಗಿ, ಲಾಂಛನ ಇರುವುದರಿಂದಲೇ ಹರಾಜಿನಲ್ಲಿ ಬೆಲೆ ಏರುವ ಕಾಲ ಬಂದಿತ್ತು.

ಕಪ್ಪನ್ನು ಕಂಡು ಕಳವಳಪಡದ ಬೆಳ್ಳಿಕೆಲಸವೊಂದು ಕನ್ನಡ ನಾಡಿನಲ್ಲಿಯೇ ಇರುವುದು ಈ ಮಾಲಿನ್ಯದ ಚರ್ಚೆಗೆ ಅನಿರೀಕ್ಷಿತವಾದ ಉತ್ತರ. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿನ ಕುಶಲಕರ್ಮಿಗಳು ಹೆಚ್ಚು ಸತುವನ್ನೂ ಸ್ವಲ್ಪ ತಾಮ್ರವನ್ನೂ ಕೂಡಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಗೀರು ಕೊರೆದು, ಅದರಲ್ಲಿ ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಆಗ ಉಳಿದ ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗಿ, ಬೆಳ್ಳಿಯೊಂದೇ ಬೆಳ್ಳಗೆ ಎದ್ದು ಕಾಣುತ್ತದೆ. ಮಳೆ ಬಿಸಿಲು ಬೀಳದೆ ಶತಮಾನಗಳ ಕಾಲ ಮುಚ್ಚಿದ ಜಾಗದ ಮಣ್ಣೇ ಇದಕ್ಕೆ ಒದಗುತ್ತದೆಯೆಂದು ಕೆಲಸಗಾರರು ನಂಬುತ್ತಾರೆ, ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿಯಿಂದಲೇ ಪರೀಕ್ಷಿಸುತ್ತಾರೆ. ಬಹಮನಿಗಳೂ ಬರೀದಶಾಹಿಗಳೂ ನಿಜಾಮರೂ ಆಳಿ ಹೋದ ಆ ಊರಿನಲ್ಲಿ ರಾಜವಂಶಗಳು ಮಣ್ಣುಗೂಡಿದ ಮೇಲೂ ಅವರ ಕೋಟೆಯ ಮಣ್ಣು ಹುಕ್ಕಾಗಳನ್ನೂ ಹೂದಾನಿಗಳನ್ನೂ ಕಪ್ಪು ಮಾಡುವ ಉದ್ಯೋಗದಲ್ಲಿದೆ.

ಕನ್ನಡಿಗರಿಗೆ ಇನ್ನೂ ಹತ್ತಿರದ ರಾಜಬೆಳ್ಳಿ ಮೈಸೂರು ಅರಮನೆಯದು. ಅಲ್ಲಿ ನವರಾತ್ರಿಗೆ ಮುನ್ನ ದರ್ಬಾರು ಸಭಾಂಗಣದಲ್ಲಿ ಚಿನ್ನದ ಸಿಂಹಾಸನವನ್ನೂ, ಕನ್ನಡಿ ತೊಟ್ಟಿಯಲ್ಲಿ ಬೆಳ್ಳಿಯ ಭದ್ರಾಸನವನ್ನೂ ಬಿಡಿಭಾಗಗಳಿಂದ ಜೋಡಿಸಿ ನಿಲ್ಲಿಸುತ್ತಾರೆ, ಹಬ್ಬ ಮುಗಿದ ಮೇಲೆ ಬಿಚ್ಚಿ ಭದ್ರಪಡಿಸುತ್ತಾರೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಒಡವೆಗಳ ನಿಮಿತ್ತ ಬೆನ್ನಟ್ಟಿಸಿಕೊಂಡ, ಅಲ್ಲಿನ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ ಕಾವೇರಿಗೆ ಹಾರುವ ಮುನ್ನ ಆ ವಂಶಕ್ಕೆ ಮಕ್ಕಳಾಗದಿರಲೆಂದು ಶಪಿಸಿದಳೆಂಬ ಐತಿಹ್ಯವನ್ನು ಬಾಲ್ಯದಲ್ಲಿ ಕೇಳದ ಕನ್ನಡಿಗರು ಕಡಿಮೆ. ಶಾಪವನ್ನು ಒಪ್ಪದ ಇತಿಹಾಸಕಾರರೂ ದತ್ತುಗಳ ಸಾಲನ್ನು ಒಪ್ಪಲೇಬೇಕು: ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು, ನಾಲ್ವಡಿ ಕೃಷ್ಣರಾಜ ಒಡೆಯರ ನಂತರ 1940ರಲ್ಲಿ ಪಟ್ಟಕ್ಕೆ ಬಂದದ್ದು ಅವರ ತಮ್ಮನ ಮಗ ಜಯಚಾಮರಾಜೇಂದ್ರರು, ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರಲ್ಲಿ ತೀರಿಕೊಂಡ ಮೇಲೆ 2015ರಲ್ಲಿ ಯದುವೀರರ ದತ್ತು ಸ್ವೀಕಾರ ನಡೆಯಿತು. ಒಡವೆಯಿಂದ ಹುಟ್ಟಿದ ಶಾಪದ ಕತೆಯನ್ನು ಹೊತ್ತ ಮನೆತನವು ತನ್ನ ಪರಂಪರೆಯನ್ನು ಪ್ರತಿ ವರ್ಷ ಚಿನ್ನ ಬೆಳ್ಳಿಗಳ ಬಿಡಿಭಾಗಗಳಿಂದಲೇ ಮರಳಿ ಜೋಡಿಸಿಕೊಳ್ಳುವುದರಲ್ಲಿ ಒಂದು ಔಚಿತ್ಯವಿದೆ.

ಈ ಜೋಡಣೆಯ ಕೆಲಸವನ್ನು ಪರಂಪರೆಯಿಂದ ಮಾಡುತ್ತ ಬಂದವರು ಮೈಸೂರಿನ ಬಳಿಯ ಗೆಜ್ಜಗಳ್ಳಿ ಎಂಬ ಗ್ರಾಮದವರು. ಯಾವ ಲಾಂಛನದಲ್ಲಿಯೂ ಅವರ ಗುರುತಿಲ್ಲ. ಮದರಾಸಿನ ಪಿ. ಆರ್ ಅಂಡ್ ಸನ್ಸ್ ಅಂಗಡಿಯ ಹಿಂಭಾಗದಲ್ಲಿ ಸ್ವಾಮಿಗಳನ್ನು ಬಡಿದು ಎಬ್ಬಿಸಿದ ಕೈಗಳಂತೆ, ಹಬ್ಬಕ್ಕೊಮ್ಮೆ ತೋಷಖಾನೆಗಳ ಬೆಳ್ಳಿಯನ್ನು ಉಜ್ಜಿದ ಕೈಗಳಂತೆ, ಅವರೂ ವಸ್ತುವಿನ ಚರಿತ್ರೆಯೊಳಗೆ ಇದ್ದಾರೆ, ವಂಶಾವಳಿಯೊಳಗೆ ಇಲ್ಲ. ಅಲಂಕಾರದ ಬೆಳ್ಳಿಯ ಹಿಂದಿರುವ ಮನೆತನದ ಚರಿತ್ರೆಯೆಂದೊಡನೆ ಹುಡುಕಾಟವು ಲಾಂಛನದವರ ಮನೆಯ ಕಡೆಗೇ ಹೋಗುತ್ತದೆ, ಅಲ್ಲಿ ಪ್ರತಿ ಎರಡನೆಯ ತಲೆಮಾರಿಗೂ ದತ್ತು ಹೋಮದ ಹೊಗೆ ಅಡ್ಡ ಬರುತ್ತದೆ. ಆಸನದ ಮೇಲೆ ಕೂರತಕ್ಕವರು ಯಾರೆಂಬ ಪ್ರಶ್ನೆಯನ್ನು ಬಗೆಹರಿಸಲು ಜೈಪುರ, ಬರೋಡ, ಗ್ವಾಲಿಯರ್, ಮೈಸೂರುಗಳಲ್ಲಿ ಪಂಡಿತರೂ ರೆಸಿಡೆಂಟರೂ ವೈಸರಾಯರೂ ಸೇರಿ ದಸ್ತಾವೇಜುಗಳ ರಾಶಿಯನ್ನೇ ಸೃಷ್ಟಿಸಬೇಕಾಯಿತು. ಆಸನವನ್ನು ಜೋಡಿಸತಕ್ಕವರು ಯಾರೆಂಬುದಕ್ಕೆ ಒಂದು ಸನದೂ ಬೇಕಾಗಲಿಲ್ಲ, ಏಕೆಂದರೆ ಯಾವ ಭಾಗ ಯಾವುದಕ್ಕೆ ಕೂಡುತ್ತದೆಂದು ಬಲ್ಲವರು ಅವರೇ ಆಗಿದ್ದರು.